ಆವಕ ಮೇಜು ದಾಟುವ ಪತ್ರ: ಹದಿನಾಲ್ಕು ಸೂತ್ರಗಳು

ಊರು ಹಿರೇಹಂದಿಗೋಳ, ಉದ್ಯೋಗ ಗದಗಿನಲ್ಲಿ. ಮೊದಲು ಎಪಿಎಂಸಿ ಅಂಗಳದ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತಿಕೆ, ಆಮೇಲೆ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಕೆ. ಸಂಘಕ್ಕೆ ಸೇರಿದ ದಿನ ನನ್ನ ಮುಂದೆ ಎರಡು ದಪ್ಪ ಪುಸ್ತಕ ಇಟ್ಟರು. ಒಂದು ಆವಕ, ಇನ್ನೊಂದು ಜಾವಕ. ಬಂದ ಪತ್ರ ಆವಕದಲ್ಲಿ, ಹೋದ ಪತ್ರ ಜಾವಕದಲ್ಲಿ. 1905ರಲ್ಲಿ ನಮ್ಮದೇ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರಲ್ಲ, ಅಂಥ ನೆಲದ ಹಳ್ಳಿಗಳಿಗೆ ಠರಾವು, ಪಾವತಿ, ಆವಕ, ಜಾವಕ ಹೊಸ ಮಾತೇನಲ್ಲ. ಆದರೂ ಪತ್ರ ಬರೆಯಲು ಕೂತರೆ ನಮ್ಮವರ ಕೈ ನಡುಗುತ್ತದೆ.

ಆವಕ ಪುಸ್ತಕದ ಒಂದು ಸಾಲಿನಲ್ಲಿ ಆರು ಮನೆ: ಅನುಕ್ರಮ ನಂಬರ್, ಬಂದ ತಾರೀಖು, ಯಾರಿಂದ, ಅವರ ಪತ್ರದ ನಂಬರ್ ಮತ್ತು ತಾರೀಖು, ವಿಷಯ, ಯಾರಿಗೆ ಕೊಟ್ಟದ್ದು. ನಿಮ್ಮ ಪತ್ರವನ್ನು ಸಾಹೇಬರು ಓದುವ ಮೊದಲು ಓದುವವನು ಈ ಪುಸ್ತಕದ ಮುಂದೆ ಕೂತವನು. ಅವನ ಮುಂದೆ ಅರವತ್ತು ಲಕೋಟೆ ಇರುತ್ತವೆ. ನಿಮ್ಮ ಹಾಳೆ ನೋಡಿ ಅರ್ಧ ನಿಮಿಷದಲ್ಲಿ ಆ ಮನೆಗಳು ತುಂಬಿದರೆ ಪತ್ರ ಮುಂದೆ ಹೋಗುತ್ತದೆ. ತುಂಬದಿದ್ದರೆ ‘ಆಮೇಲೆ ನೋಡೂಣು’ ಎಂಬ ಗಂಟಿಗೆ ಸೇರುತ್ತದೆ. ಆ ಗಂಟನ್ನು ನಾನೂ ಕಟ್ಟಿದ್ದೇನೆ, ಹಾಗಾಗಿ ಅದು ಯಾವಾಗ ಬಿಚ್ಚುತ್ತದೆಂದು ನನಗೆ ಗೊತ್ತು.

1. ಬರೆಯುವ ಮೊದಲೇ ಆರು ಮನೆ ತುಂಬಿ

ಒಂದು ಚೀಟಿ ತಗೊಳ್ಳಿ. ನಾನು ಯಾರು, ಯಾರಿಗೆ ಬರೆಯುತ್ತಿದ್ದೇನೆ, ಇವತ್ತು ಯಾವ ತಾರೀಖು, ಯಾವ ಬಿಲ್ಲಿನ ಸಂಗತಿ, ನನಗೆ ಏನು ಬೇಕು, ಯಾವ ದಿನದೊಳಗೆ ಬೇಕು. ಇಷ್ಟಕ್ಕೆ ಉತ್ತರ ಬರೆಯಿರಿ. ಇದರಲ್ಲಿ ಯಾವುದಕ್ಕಾದರೂ ಉತ್ತರ ಸಿಗದಿದ್ದರೆ ಪತ್ರ ಬರೆಯುವ ಹೊತ್ತು ಇನ್ನೂ ಬಂದಿಲ್ಲ. ಮೊದಲು ಟ್ರಂಕ್ ತೆಗೆದು ಬಿಲ್ಲು ಹುಡುಕಿ.

2. ಎಡಗಡೆ ಒಂದೂವರೆ ಇಂಚು ಬಿಡಿ

ಚಂದಕ್ಕಾಗಿ ಅಲ್ಲ, ಪಂಚಿಂಗ್ ಮಷೀನಿಗಾಗಿ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಕಚೇರಿಯಲ್ಲಿ ಅದರ ಎಡಭಾಗಕ್ಕೆ ಎರಡು ತೂತು ಬಿದ್ದು, ಟ್ಯಾಗ್ ದಾರ ಪೋಣಿಸಿ, ನೂರು ಹಾಳೆಗಳ ಕೆಳಗೆ ನಿಮ್ಮ ಪತ್ರ ಮಲಗುತ್ತದೆ. ಅಂಚಿನಿಂದ ಅಂಚಿಗೆ ಬರೆದರೆ ಮೊದಲ ಅಕ್ಷರಗಳು ತೂತಿಗೆ, ಎರಡನೆಯವು ದಾರದ ಬಿಗಿತಕ್ಕೆ.

ನಮ್ಮ ಸಂಘಕ್ಕೆ ಬಂದ ಒಂದು ಅರ್ಜಿಯಲ್ಲಿ ಸರ್ವೆ ನಂಬರಿನ ಮೊದಲ ಅಂಕಿ ಹೀಗೆ ತೂತಿನೊಳಗೆ ಹೋಗಿತ್ತು. ಉಳಿದದ್ದು 42. ಅದು 142ಓ, 242ಓ, ಬರೀ 42ಓ? ಅರ್ಜಿದಾರರ ಫೋನ್ ನಂಬರೂ ಇರಲಿಲ್ಲ. ಕೊನೆಗೆ ನಾನೇ ಮಷೀನಿನ ತಳದ ಮುಚ್ಚಳ ತೆಗೆದು, ಅದರಲ್ಲಿದ್ದ ಕಾಗದದ ಚುಕ್ಕೆಗಳನ್ನು ಮೇಜಿನ ಮೇಲೆ ಸುರುವಿಕೊಂಡು ಹುಡುಕಿದೆ. ಸಿಗಲಿಲ್ಲ ಅನ್ನಿ. ಪಕ್ಕದ ಮೇಜಿನವರು, “ಏನ್ರೀ, ಅಕ್ಕಿ ಆರಸಾಕತ್ತೀರೇನು?” ಅಂದರು.

ಬಲಗಡೆ, ಮೇಲೆ, ಕೆಳಗೆ ಒಂದು ಇಂಚು ಸಾಕು. ಸಾಲಿನ ನಡುವೆ ಒಂದೂವರೆ ಪಟ್ಟು ಜಾಗ ಕೊಡಿ. ಕನ್ನಡಕ್ಕೆ ಒತ್ತಕ್ಷರ ಇದೆ, ಮೇಲೆ ಗುಡಿಸು ಇದೆ. ಇಂಗ್ಲಿಷಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ.

3. ‘ಇಂದ’ದಲ್ಲಿ ಊರನ್ನು ಪೂರ್ತಿ ಬರೆಯಿರಿ

ನಮ್ಮ ಊರಿನವರಿಗೆ ಇದು ಮೈಮೇಲೆ ಬಂದು ಕಲಿತ ಪಾಠ. ‘ಹಂದಿಗೋಳ’ ಎಂದಷ್ಟೇ ಬರೆದರೆ ಯಾವ ಹಂದಿಗೋಳ? ಹಿರೇಹಂದಿಗೋಳ ಇದೆ, ಚಿಕ್ಕಹಂದಿಗೋಳವೂ ಇದೆ. ಹಿರೇ ಬಿಟ್ಟರೆ ಉತ್ತರ ಚಿಕ್ಕದಕ್ಕೆ ಹೋಗಿ ಒಂದು ಸುತ್ತು ಹಾಕಿ ಬರುತ್ತದೆ. ಊರು, ಅಂಚೆ, ತಾಲೂಕು, ಜಿಲ್ಲೆ, ಪಿನ್, ಮೊಬೈಲ್ ನಂಬರ್: ಇಷ್ಟೂ ಇರಲಿ. ಗದಗ 1997ರಲ್ಲಿ ಜಿಲ್ಲೆಯಾಯಿತು. ಆದರೂ ಹಳೆಯ ಲೆಟರ್‌ಹೆಡ್ ಮುಗಿಯಲಿ ಎಂದು ‘ಜಿ: ಧಾರವಾಡ’ ಹಾಳೆಯನ್ನೇ ವರ್ಷಗಟ್ಟಲೆ ಬಳಸಿದವರನ್ನು ನೋಡಿದ್ದೇನೆ. ಲಕ್ಷ್ಮೇಶ್ವರದವರೂ ನೋಡಿಕೊಳ್ಳಿ, ನಿಮ್ಮದು ಈಗ ಬೇರೆ ತಾಲೂಕು, ಶಿರಹಟ್ಟಿ ಅಲ್ಲ.

ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಆರು ಅಂಕಿಯಲ್ಲಿ ಮೊದಲ ಮೂರು ಟಪಾಲನ್ನು ವಿಂಗಡಿಸುವ ಜಿಲ್ಲೆಯದು, ಕೊನೆಯ ಮೂರು ಅಂಚೆ ಕಚೇರಿಯದು. ನಮ್ಮ ಕಡೆಯ ಪಿನ್‌ಗಳು 582ರಿಂದ ಶುರು. ಕೊನೆಯ ಮೂರನ್ನು ಅಂದಾಜಿಗೆ ಹಾಕಬೇಡಿ, ಪೋಸ್ಟ್‌ಮನ್‌ರನ್ನು ಕೇಳಿ.

ಸಂಸ್ಥೆಯ ಪತ್ರವಾದರೆ ಲೆಟರ್‌ಹೆಡ್ ಮಾಡಿಸಿ. ಗದಗಕ್ಕೆ ಮುದ್ರಣ ಕಾಶಿ ಎಂದು ಸುಮ್ಮನೆ ಹೆಸರು ಬಂದಿಲ್ಲ. ಆದರೆ ಪ್ರೆಸ್ಸಿನವರು ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಡಿ. ಮೂರು ದೇವರ ಫೋಟೋ, ಎರಡು ಬಣ್ಣದ ಬಳ್ಳಿ, ಹದಿನೈದು ನಿರ್ದೇಶಕರ ಹೆಸರು, ಇಷ್ಟೆಲ್ಲ ಹಾಕಿದರೆ ಪತ್ರ ಶುರುವಾಗುವುದು ಹಾಳೆಯ ಅರ್ಧಕ್ಕೆ. ಹಾಕಲೇಬೇಕಾದ್ದು ಬೇರೆ ಇದೆ. ರೈತ ಉತ್ಪಾದಕ ಕಂಪನಿ ನೋಂದಾಯಿಸಿದ್ದರೆ 2013ರ ಕಂಪನಿ ಕಾಯ್ದೆಯ 12ನೇ ಕಲಮಿನ ಪ್ರಕಾರ ವ್ಯವಹಾರದ ಪ್ರತಿ ಪತ್ರದ ಮೇಲೂ ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ, 21 ಅಕ್ಷರದ ಸಿಐಎನ್ ಸಂಖ್ಯೆ, ಫೋನ್, ಇಮೇಲ್ ಇರಬೇಕು. ಜಿಎಸ್‌ಟಿ ಸಂಖ್ಯೆ ಇದ್ದರೆ ಅದನ್ನೂ ಹಾಕಿ. ಹದಿನೈದು ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ಪ್ರೂಫ್ ನೋಡುವಾಗ ಇದನ್ನು ಇಬ್ಬರು ಸೇರಿ ಓದಿ, ಒಬ್ಬರು ಓದಬೇಕು, ಇನ್ನೊಬ್ಬರು ಪ್ರಮಾಣಪತ್ರ ಹಿಡಿದು ತಾಳೆ ನೋಡಬೇಕು. ಒಂದು ಸಾವಿರ ಹಾಳೆ ಅಚ್ಚಾದ ಮೇಲೆ ಸಿಕ್ಕ ತಪ್ಪಿಗೆ ಮದ್ದಿಲ್ಲ.

4. ತಾರೀಖು ಬರೆಯದ ಪತ್ರ ಬರೆಯದ ಪತ್ರವೇ

ದಿನಾಂಕ ಬಲಗಡೆ ಮೇಲೆ. 5/6/25 ಎಂದು ಬರೆಯಬೇಡಿ. ಹೊರದೇಶದ ಖರೀದಿದಾರ ಅದನ್ನು ಮೇ 6 ಎಂದು ಓದಬಹುದು, ಇಲ್ಲಿಯವರೇ ಇಸವಿಯ ಹಿಂದೆ ಎರಡು ಅಂಕಿ ಸೇರಿಸಬಹುದು. ‘5 ಜೂನ್ 2025’ ಎಂದು ಬರೆದರೆ ಯಾರೂ ಎಡವುವುದಿಲ್ಲ.

ತಾರೀಖಿಗೆ ಇಷ್ಟು ಮಹತ್ವ ಏಕೆಂದರೆ ದುಡ್ಡು ಅದರ ಮೇಲೆ ನಿಂತಿರುತ್ತದೆ. ಚೆಕ್ ಬೌನ್ಸ್ ಆಯಿತು ಅನ್ನಿ. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೀವು ಲಿಖಿತ ನೋಟಿಸ್ ಕೊಡಬೇಕು, ಅದು ಮುಟ್ಟಿದ ಮೇಲೆ ಎದುರಿನವನಿಗೆ 15 ದಿನ ಅವಕಾಶ. ಮೂವತ್ತೊಂದನೇ ದಿನದ ಪತ್ರ ಎಷ್ಟು ಚಂದ ಇದ್ದರೂ ಚೆಕ್ ಬೌನ್ಸಿನ 138ನೇ ಕಲಮಿಗೆ ಕೆಲಸಕ್ಕೆ ಬಾರದು. ಉದ್ರಿ ಕೊಟ್ಟ ಮಾಲಿನ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಆ ಗಡುವು ಮುಗಿಯುವ ಮೊದಲು ಬಾಕಿದಾರ ‘ಹೌದು, ಇಷ್ಟು ಕೊಡುವುದಿದೆ’ ಎಂದು ಬರೆದು ಸಹಿ ಮಾಡಿದರೆ ಅಂದಿನಿಂದ ಮೂರು ವರ್ಷ ಹೊಸದಾಗಿ ಶುರು. ಅಡತಿ ಅಂಗಡಿಯ ಹಳೆಯ ಯಜಮಾನರು ದೀಪಾವಳಿಗೆ ಲೆಕ್ಕ ತೋರಿಸಿ ‘ಬಾಕಿ ಬರೋಬ್ಬರಿ ಐತಿ’ ಎಂದು ಬರೆಸಿಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ.

ಜಾವಕ ನಂಬರೂ ಹಾಕಿ. ಒಂದೇ ಒಂದು ಪತ್ರ ಬರೆಯುವ ರೈತನಿಗೂ ಇದು ಇರಲಿ: ‘ಪತ್ರ ನಂ. 1/2025’. ಮುಂದೆ ನೆನಪೋಲೆ ಬರೆಯುವಾಗ ಉಪಯೋಗಕ್ಕೆ ಬರುತ್ತದೆ.

5. ‘ಗೆ’: ಕುರ್ಚಿಗೆ ಬರೆಯಿರಿ

ಅಧಿಕಾರಿಯ ಹೆಸರು ಗೊತ್ತಿದೆ ಎಂದು ಹೆಸರಿಗೇ ಬರೆದರೆ, ಅವರು ವರ್ಗವಾಗಿ ಹೋದ ಮೇಲೆ ಲಕೋಟೆ ಅವರ ಹಿಂದೆಯೇ ಅಲೆಯುತ್ತದೆ. ಹುದ್ದೆ ಮೊದಲು, ಕಚೇರಿ ಆಮೇಲೆ, ಊರು ಕೊನೆಗೆ: ‘ವ್ಯವಸ್ಥಾಪಕರು, ಖರೀದಿ ವಿಭಾಗ...’ ಹೀಗೆ. ಒಬ್ಬರನ್ನೇ ಉದ್ದೇಶಿಸಬೇಕಾದರೆ ಹೆಸರನ್ನೂ ಹುದ್ದೆಯನ್ನೂ ಬರೆಯಿರಿ. ಮತ್ತೆ, ‘ರವರಿಗೆ’ ಬೇಡ, ‘ಅವರಿಗೆ’ ಸಾಕು. ಕಚೇರಿಗಳಲ್ಲಿ ‘ರವರು’ ಬೇರುಬಿಟ್ಟಿದೆ, ಒಪ್ಪುತ್ತೇನೆ. ಆದರೆ ಕನ್ನಡದಲ್ಲಿ ‘ರವರು’ ಎಂಬ ಪದ ಎಲ್ಲಿಂದ ಬಂತೆಂದು ಕೇಳಿದರೆ ಅದನ್ನು ಬರೆಯುವವರೂ ಹೇಳಲಾರರು.

6. ಮಾನ್ಯರೆ. ಮುಗಿಯಿತು.

ಅಪ್ಪನ ಕಾಲದ ಕಾಗದಗಳ ಗಂಟೊಂದು ನಮ್ಮ ಮನೆಯಲ್ಲಿದೆ. ನೆತ್ತಿಯ ಮೇಲೆ ‘ಶ್ರೀ’, ಅದರ ಕೆಳಗೆ ‘ಶಿ. ಸಾ. ನ. ವಿ. ವಿ.’ ಅಂದರೆ ಶಿರಸಾಷ್ಟಾಂಗ ನಮಸ್ಕಾರ, ವಿನಂತಿ ವಿಶೇಷ. ಮರಾಠಿ ಪತ್ರದ ಒಕ್ಕಣೆಯಿಂದ ನೇರ ಇಳಿದು ಬಂದದ್ದು. 1956ರ ನವೆಂಬರ್ 1ರ ತನಕ ನಾವು ಮುಂಬಯಿ ಪ್ರಾಂತದಲ್ಲಿದ್ದೆವಲ್ಲ, ಆ ನೆರಳು. ಐದಕ್ಷರದಲ್ಲಿ ಅಡ್ಡಬಿದ್ದು, ಏಳುವಷ್ಟರಲ್ಲಿ ವಿಷಯಕ್ಕೆ ಬರುತ್ತಿದ್ದರು. ಚುಟುಕಾದ ಒಕ್ಕಣೆ ನೋಡಿದರೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ.

ಇವತ್ತಿಗೆ ‘ಮಾನ್ಯರೆ’ ಸಾಕು. ಗಂಡಸಿಗೂ ಹೆಂಗಸಿಗೂ ಒಂದೇ ಮಾತು. ಇಂಗ್ಲಿಷಿನವರ ಹಾಗೆ ಸರ್ ಅನ್ನಲೋ ಮೇಡಂ ಅನ್ನಲೋ ಎಂದು ನಡುವೆ ಅಡ್ಡಗೆರೆ ಹಾಕುವ ಪೇಚು ನಮಗಿಲ್ಲ. ‘ಪೂಜ್ಯರೆ’ ಮಠಕ್ಕೆ, ‘ಪ್ರಿಯರೆ’ ಗೆಳೆಯರಿಗೆ.

7. ವಿಷಯದ ಸಾಲಿಗೆ ಒಂದು ತಾಸು ಕೊಡಿ, ಉಳಿದದ್ದಕ್ಕೆ ಹತ್ತು ನಿಮಿಷ

ಆವಕ ಪುಸ್ತಕದ ಐದನೇ ಮನೆ ಮೂರು ಇಂಚು ಅಗಲ ಇರುತ್ತದೆ. ನಿಮ್ಮ ಇಡೀ ಅಹವಾಲು ಅದರಲ್ಲಿ ಕೂರಬೇಕು.

‘ವಿಷಯ: ನನ್ನ ಸಮಸ್ಯೆಯ ಕುರಿತು.’ ಇದನ್ನು ನೋಡಿದ ಗುಮಾಸ್ತ ಪುಸ್ತಕದಲ್ಲಿ ಏನು ಬರೆದಾನು?
‘ವಿಷಯ: ಹಣ ಪಾವತಿ ಬಗ್ಗೆ.’ ಯಾರು ಯಾರಿಗೆ ಕೊಡಬೇಕು?
‘ವಿಷಯ: ಹೆಸರುಕಾಳಿನ ಬಾಕಿ ರೂ. 34,000 ಪಾವತಿಸುವ ಕುರಿತು, ಬಿಲ್ ನಂ. 214.’ ಇದು ಪತ್ರ. ಓದದೇ ಅರ್ಥವಾಯಿತು, ಲೆಕ್ಕದ ವಿಭಾಗಕ್ಕೆ ಹೋಗಬೇಕೆಂದೂ ತಿಳಿಯಿತು.

ಯಾರ ಮೇಜಿಗೆ ಹೋಗಬೇಕೋ ಆ ಮೇಜಿನ ಪದ ವಿಷಯದಲ್ಲಿ ಇರಲಿ: ಪಾವತಿ, ದುರಸ್ತಿ, ನಕಲು ಪ್ರತಿ, ದರಪಟ್ಟಿ, ಆರ್ಡರ್ ರದ್ದು.

ಇನ್ನೊಂದು ಮಾತು, ಒಂದು ಪತ್ರಕ್ಕೆ ಒಂದೇ ವಿಷಯ. ಬಾಕಿ ಕೇಳುವ ಪತ್ರದಲ್ಲೇ ಮುಂದಿನ ಸಲದ ದರ ಕೇಳಿದರೆ ದರದ ಉತ್ತರ ಬರುತ್ತದೆ, ಬಾಕಿ ಬರುವುದಿಲ್ಲ. ಇದನ್ನು ಸರ್ಕಾರವೇ ನಿಯಮ ಮಾಡಿದ್ದೂ ಉಂಟು. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. 2008ರಲ್ಲಿ ಕರ್ನಾಟಕ ತನ್ನ ನಿಯಮಗಳಿಗೆ ತಿದ್ದುಪಡಿ ತಂದು, ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು ಎಂದಿತು. ಅದು ಅರ್ಜಿದಾರರ ಬಾಯಿ ಕಟ್ಟುವ ನಿಯಮ ಎಂದು ಜಗಳವಾಡಿದವರಿದ್ದಾರೆ, ಅವರ ಮಾತಿನಲ್ಲಿ ನ್ಯಾಯವೂ ಇದೆ. ಹಕ್ಕನ್ನು ಪದ ಎಣಿಸಿ ಕೊಡಬಾರದು. ಆದರೆ ವ್ಯವಹಾರದ ಪತ್ರಕ್ಕೆ ಆ ಲೆಕ್ಕವನ್ನು ನಾನು ಖುಷಿಯಿಂದ ಸಾಲ ತಂದಿದ್ದೇನೆ. 150 ಪದದಲ್ಲಿ ಹೇಳಲಾಗದ ಬಾಕಿ ಇಲ್ಲ.

8. ಉಲ್ಲೇಖ ಇಲ್ಲದಿದ್ದರೆ ನಿಮ್ಮ ಮಾತಿಗೆ ಬೇರಿಲ್ಲ

ನನ್ನ ಮೊದಲ ಸೋಲು ಇದರಲ್ಲೇ. ಒಂದು ಮುಂಗಾರಿನಲ್ಲಿ ಅಪ್ಪ ತಂದ ಹೆಸರಿನ ಬೀಜ ಅರ್ಧಕ್ಕರ್ಧ ಹುಟ್ಟಲಿಲ್ಲ. ಬೀಜದ ಕಂಪನಿಗೆ ನಾನು ಎರಡು ಪುಟ ಬರೆದೆ. ಹೊಲದ ವರ್ಣನೆ, ಮಳೆಯ ವರ್ಣನೆ, ಅಪ್ಪನ ಸಂಕಟ, ಎಲ್ಲ ಇತ್ತು. ಉತ್ತರ ಎರಡೇ ಸಾಲು: ಬಿಲ್ ಸಂಖ್ಯೆ ಮತ್ತು ಲಾಟ್ ಸಂಖ್ಯೆ ತಿಳಿಸಿ. ಲಾಟ್ ನಂಬರ್ ಇದ್ದದ್ದು ಬೀಜದ ಚೀಲಕ್ಕೆ ಹೊಲಿದ ಚೀಟಿಯ ಮೇಲೆ. ಚೀಲವನ್ನು ಅವ್ವ ಅಷ್ಟೊತ್ತಿಗೆ ಬಿಚ್ಚಿ, ತೊಳೆದು, ಕಾಲೊರಸಾಗಿ ಹಾಸಿದ್ದಳು. ಚೀಟಿ ಒಲೆಗೆ ಹೋಗಿತ್ತು. ಅಲ್ಲಿಗೆ ನಮ್ಮ ವಾದ ಮುಗಿಯಿತು.

ಹಾಗಾಗಿ ವಿಷಯದ ಕೆಳಗೆ ಉಲ್ಲೇಖ, ನಂಬರ್ ಹಾಕಿ, ಒಂದರ ಕೆಳಗೊಂದು: ನಿಮ್ಮ ಪತ್ರದ ನಂಬರ್ ಮತ್ತು ದಿನಾಂಕ, ಬಿಲ್ ನಂಬರ್ ಮತ್ತು ದಿನಾಂಕ, ಮಾಲು ಕಳಿಸಿದ ಲಾರಿ ರಸೀದಿಯ ನಂಬರ್. ಗದಗಿನವರಿಗೆ ಲಾರಿ ರಸೀದಿಯ ಮಹತ್ವ ಬಿಡಿಸಿ ಹೇಳಬೇಕಾಗಿಲ್ಲ. 1976ರಲ್ಲಿ ಒಂದು ಲಾರಿಯಿಂದ ಶುರುವಾದ ಸಾರಿಗೆ ಕಂಪನಿ ವಿಆರ್‌ಎಲ್ ಇದೇ ಊರಿನ ಹುಟ್ಟು. ಫೋನಿನಲ್ಲಿ ಮಾತಾಡಿದ್ದನ್ನೂ ಉಲ್ಲೇಖಕ್ಕೆ ತನ್ನಿ: ‘ದಿನಾಂಕ ಇಂಥದ್ದರಂದು ತಮ್ಮ ಲೆಕ್ಕ ವಿಭಾಗದೊಂದಿಗೆ ಫೋನಿನಲ್ಲಿ ಆದ ಮಾತು.’ ಗಾಳಿಗೆ ಹೋಗಬೇಕಾದ ಮಾತು ಕಾಗದದ ಮೇಲೆ ಉಳಿಯುತ್ತದೆ.

9. ‘ಏನೆಂದರೆ’ ಬರುವ ತನಕ ಕಾಯಿಸಬೇಡಿ

‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯ ಪೂರ್ವಕವಾಗಿ ವಿನಂತಿಸಿಕೊಳ್ಳುವುದೇನೆಂದರೆ...’ ಮುಳಗುಂದ ನಾಕಾದ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ಈ ಸಾಲನ್ನು ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಮೊದಲೇ ತುಂಬಿ ಇಟ್ಟುಕೊಂಡಿದ್ದ. ಯಾರೇ ಬಂದರೂ ಅದನ್ನು ಮೊದಲು ಅಂಟಿಸಿ, “ಈಗ ಹೇಳ್ರಿ ಕಾಕಾ” ಅನ್ನುತ್ತಿದ್ದ. ನನ್ನ ಮುಂದಿದ್ದ ಮುದುಕರು ಕನ್ನಡಕ ಏರಿಸಿ ಪರದೆ ನೋಡಿ, “ತಮ್ಮಾ, ನಾ ಇನ್ನೂ ಏನೂ ಹೇಳೇ ಇಲ್ಲ, ನೀ ಆಗಲೇ ಮೂರು ಸಾಲು ಬರದೀಯಲ್ಲೋ” ಅಂದರು. ಪುಟಕ್ಕೆ ಇಷ್ಟು ಎಂದು ದರ ಇದ್ದದ್ದರಿಂದ ಅವರ ಚಿಂತೆಗೆ ಅರ್ಥವಿತ್ತು.

ಮೂರು ಪ್ಯಾರಾ ಸಾಕು. ಏನಾಗಿದೆ, ನನಗೇನು ಬೇಕು, ಯಾವ ದಿನದೊಳಗೆ. ಮೊದಲ ಪ್ಯಾರಾ ತಾರೀಖಿನಿಂದ ಶುರುವಾದರೆ ಸುತ್ತು ಮಾತಿಗೆ ಜಾಗವೇ ಸಿಗುವುದಿಲ್ಲ. ಒಂದು ಮಾದರಿ ನೋಡಿ:

ಪತ್ರ ನಂ. 1/2025
ದಿನಾಂಕ: 6 ಜನವರಿ 2025

ಇಂದ,
(ಹೆಸರು)
ಹಿರೇಹಂದಿಗೋಳ, ತಾಲೂಕು ಮತ್ತು ಜಿಲ್ಲೆ: ಗದಗ
(ಪಿನ್, ಮೊಬೈಲ್ ನಂಬರ್)

ಗೆ,
ವ್ಯವಸ್ಥಾಪಕರು, ಲೆಕ್ಕ ವಿಭಾಗ
(ದಾಲ್ ಮಿಲ್ಲಿನ ಹೆಸರು, ವಿಳಾಸ, ಪಿನ್)

ಮಾನ್ಯರೆ,

ವಿಷಯ: ಹೆಸರುಕಾಳಿನ ಬಾಕಿ ರೂ. 34,000 ಪಾವತಿಸುವ ಕುರಿತು, ಬಿಲ್ ನಂ. 214
ಉಲ್ಲೇಖ: ತಮ್ಮ ಬಿಲ್ ನಂ. 214, ದಿನಾಂಕ 18 ಸೆಪ್ಟೆಂಬರ್ 2024

18 ಸೆಪ್ಟೆಂಬರ್ 2024ರಂದು ತಮಗೆ 12 ಕ್ವಿಂಟಲ್ ಹೆಸರುಕಾಳನ್ನು ಕ್ವಿಂಟಲ್‌ಗೆ ರೂ. 7,000ದಂತೆ ಮಾರಿದ್ದೇನೆ. ಒಟ್ಟು ರೂ. 84,000. ಅದೇ ದಿನ ರೂ. 50,000 ಬ್ಯಾಂಕ್ ಖಾತೆಗೆ ಬಂದಿದೆ. ರೂ. 34,000/- (ಮೂವತ್ನಾಲ್ಕು ಸಾವಿರ ರೂಪಾಯಿ ಮಾತ್ರ) ಬರಬೇಕಾಗಿದೆ.

ಈ ಬಾಕಿಯನ್ನು ಅದೇ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ.

21 ಜನವರಿ 2025ರೊಳಗೆ ಹಣ ಜಮಾ ಮಾಡಿ, ಅಥವಾ ಜಮಾ ಮಾಡುವ ದಿನಾಂಕವನ್ನು ಬರೆದು ತಿಳಿಸಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)
(ಹೆಸರು)

ಲಗತ್ತು: 1. ಬಿಲ್ ನಂ. 214ರ ನಕಲು, 1 ಪುಟ. 2. ತೂಕದ ಚೀಟಿಯ ನಕಲು, 1 ಪುಟ.

ಕೊನೆಯ ಪ್ಯಾರಾದ ‘ಅಥವಾ’ ಕಡೆ ಗಮನ ಇರಲಿ. ಅವರು ಹಣ ಕಳಿಸದೆ ‘ಮುಂದಿನ ತಿಂಗಳು ಕೊಡುತ್ತೇವೆ’ ಎಂದು ಬರೆದು ಸಹಿ ಹಾಕಿದರೂ ನಿಮಗೆ ಲಾಭವೇ. ನಾಲ್ಕನೇ ಸೂತ್ರದಲ್ಲಿ ಹೇಳಿದ ಒಪ್ಪಿಗೆ ಕೈಗೆ ಬಂದಂತೆ.

ಮತ್ತೆ, ಇದರಲ್ಲಿ ಸಿಟ್ಟಿಲ್ಲ. ಸಿಟ್ಟಿನ ಪತ್ರ ಬರೆಯಲೇಬೇಕು ಅನ್ನಿಸಿದರೆ ಬರೆಯಿರಿ, ರಾತ್ರಿ ಊಟದ ನಂತರ ಓದಿ, ಅವ್ವನ ಒಲೆಗೆ ಕೊಡಿ. ಮರುದಿನ ಮೂರು ಪ್ಯಾರಾ.

10. ದುಡ್ಡನ್ನು ಎರಡು ಸಲ ಬರೆಯಿರಿ

ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ: ರೂ. 34,000/- (ಮೂವತ್ನಾಲ್ಕು ಸಾವಿರ ರೂಪಾಯಿ ಮಾತ್ರ). ಆ ಅಡ್ಡಗೆರೆ, ಆ ‘ಮಾತ್ರ’ ಅಲಂಕಾರವಲ್ಲ, ಮುಂದೆ ಯಾರೂ ಸೊನ್ನೆ ಸೇರಿಸದ ಹಾಗೆ ಹಾಕಿದ ಬೇಲಿ. ಅಲ್ಪವಿರಾಮ ನಮ್ಮ ಲೆಕ್ಕದಲ್ಲಿ ಹಾಕಿ, ಲಕ್ಷಕ್ಕೆ 1,00,000. ಕೈಬರಹದಲ್ಲಿ ಕನ್ನಡ ಅಂಕಿ ಬಳಸುವವರು ೬ ಮತ್ತು ೯ ಬಗ್ಗೆ ಎಚ್ಚರ. ಅವಸರದಲ್ಲಿ ಬರೆದರೆ ಎರಡೂ ಒಂದೇ ಬಾಲದವು. ಕನ್ನಡ ಅಂಕಿಯ ಮೇಲೆ ನನಗೆ ಪ್ರೀತಿ ಇದೆ, ಆದರೆ ಬಾಕಿ ಕೇಳುವಾಗ ಪ್ರೀತಿ ಬದಿಗಿಡುತ್ತೇನೆ.

11. ಸಹಿಗೆ ಜಾಗ, ಠಸ್ಸೆಗೆ ಜಾಗ, ಎರಡಕ್ಕೂ ಬೇರೆ ಬೇರೆ ಜಾಗ

‘ತಮ್ಮ ವಿಶ್ವಾಸಿ’ ಮತ್ತು ಹೆಸರಿನ ನಡುವೆ ನಾಲ್ಕು ಸಾಲು ಬಿಡಿ. ಸಹಿಯ ಮೇಲೆಯೇ ಠಸ್ಸೆ ಒತ್ತಿದರೆ ಸಹಿಯೂ ಕಾಣದು, ಠಸ್ಸೆಯೂ ಕಾಣದು. ಹೆಸರು ಬಿಡಿ ಅಕ್ಷರದಲ್ಲಿ, ಅದರ ಕೆಳಗೆ ಹುದ್ದೆ. ಸಂಘದ ಪರವಾಗಿ ಬರೆಯುತ್ತಿದ್ದರೆ ಹಾಗೆ ಬರೆಯುವ ಅಧಿಕಾರ ಯಾವ ಸಭೆಯ ಯಾವ ಠರಾವಿನಿಂದ ಬಂತೆಂದು ಒಂದು ಸಾಲು ಇರಲಿ. ನಾಳೆ ಕಾರ್ಯದರ್ಶಿ ಬದಲಾದರೂ ಪತ್ರ ನಿಲ್ಲುತ್ತದೆ.

ಪತ್ರ ಎರಡನೇ ಪುಟಕ್ಕೆ ಹೋದರೆ ಸಹಿಯೊಂದೇ ಅಲ್ಲಿ ಒಂಟಿಯಾಗಿ ಬೀಳಬಾರದು. ಖಾಲಿ ಹಾಳೆಯ ಮೇಲೆ ನಿಮ್ಮ ಸಹಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಎರಡು ಸಾಲು ಮಜಕೂರನ್ನಾದರೂ ಜೊತೆಗೆ ಎಳೆದುಕೊಂಡು ಹೋಗಿ, ಪುಟಕ್ಕೆ ನಂಬರ್ ಹಾಕಿ.

12. ಲಗತ್ತನ್ನು ಎಣಿಸಿ ಬರೆಯಿರಿ

‘ದಾಖಲೆಗಳನ್ನು ಲಗತ್ತಿಸಿದೆ’ ಎಂದರೆ ಎಷ್ಟು? ಮಾದರಿಯಲ್ಲಿ ಇದ್ದ ಹಾಗೆ ಒಂದೊಂದರ ಹೆಸರು, ಪುಟ ಎಷ್ಟು ಎಂದು ಬರೆಯಿರಿ. ಅಸಲು ಯಾವತ್ತೂ ಕಳಿಸಬೇಡಿ. ನಕಲು ಪ್ರತಿ ಯಾರಿಗೆ ಹೋಗಿದೆ ಎಂಬ ‘ಪ್ರತಿ’ ಸಾಲು ಇದ್ದರೆ ಒಬ್ಬರೋ ಇಬ್ಬರೋ ಸಾಕು. ಬಿಲ್ಲಿನ ಬಾಕಿಗೆ ಮುಖ್ಯಮಂತ್ರಿಗಳಿಗೂ ಪ್ರಧಾನಮಂತ್ರಿಗಳಿಗೂ ಪ್ರತಿ ಹಾಕಿದ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದುತ್ತಾರೆ, ನಗುತ್ತಾರೆ, ಉತ್ತರ ಮಾತ್ರ ಯಾರೂ ಬರೆಯುವುದಿಲ್ಲ.

13. ಅಕ್ಷರ ಅಲ್ಲಿಗೆ ಹೋಗಿ ಕೆಡದಿರಲಿ

ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡುವುದುಂಟು. ಪ್ರಿಂಟ್ ತೆಗೆಯಲು ಅಡ್ಡಿಯಿಲ್ಲ. ಆದರೆ ಅದೇ ಫೈಲನ್ನು ಇಮೇಲ್ ಮಾಡಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಮಾನ್ಯರೆ’ ಹೋಗಿ ತಲೆಯ ಮೇಲೆ ಚುಕ್ಕೆ, ಟೋಪಿ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ ನೆರೆಯುತ್ತದೆ. “ಯೂನಿಕೋಡ್‌ನಲ್ಲೇ ಹೊಡಿ, ಪಿಡಿಎಫ್ ಮಾಡಿ ಕೊಡು” ಎಂದು ಮೊದಲೇ ಹೇಳಿ. ಫೈಲಿಗೆ ಅಂಗಡಿಯ ಹುಡುಗ ಇಡುವ ‘ಹೊಸದು 3’ ಎಂಬ ಹೆಸರು ಬೇಡ. ಊರು, ಬಿಲ್ ನಂಬರ್, ತಾರೀಖು ಸೇರಿಸಿ ಹೆಸರಿಡಿ. ಇಮೇಲಿನ ವಿಷಯದ ಸಾಲೂ ಪತ್ರದ ವಿಷಯದ ಸಾಲೂ ಒಂದೇ ಇರಲಿ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದು ಪತ್ರ ಕಳಿಸಿದ ಹಾಗೆ ಅಲ್ಲ, ಸುದ್ದಿ ಮುಟ್ಟಿಸಿದ ಹಾಗೆ.

14. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ

ಕೈಯಾರೆ ಕೊಡುವುದಾದರೆ ಟಪಾಲು ಮೇಜಿನಲ್ಲಿ ಒಂದು ಪ್ರತಿ ಕೊಡಿ, ಇನ್ನೊಂದನ್ನು ಮುಂದೆ ಚಾಚಿ. ಅದರ ಮೇಲೆ ಸೀಲು, ತಾರೀಖು, ಆವಕ ನಂಬರ್, ಮೂರೂ ಬರಬೇಕು. ಸೀಲು ಇದ್ದು ನಂಬರ್ ಇಲ್ಲದಿದ್ದರೆ ನಿಮ್ಮ ಪತ್ರ ಮೇಜಿನ ಮೇಲೆ ಬಿದ್ದಿದೆ, ಪುಸ್ತಕಕ್ಕೆ ಇಳಿದಿಲ್ಲ ಎಂದರ್ಥ. ನಂಬರ್ ಬರೆಯುವ ತನಕ ಕಿಟಕಿ ಬಿಡಬೇಡಿ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.

ಅಂಚೆಯಲ್ಲಿ ಕಳಿಸುವುದಾದರೆ, ವಿಳಾಸ ಸರಿ ಇದ್ದು, ಅಂಚೆ ವೆಚ್ಚ ಕೊಟ್ಟು, ರಿಜಿಸ್ಟರ್ ಮಾಡಿ ಕಳಿಸಿದ ಪತ್ರ ಮುಟ್ಟಿದೆ ಎಂದೇ 1897ರ ಜನರಲ್ ಕ್ಲಾಸಸ್ ಕಾಯ್ದೆ ಭಾವಿಸುತ್ತದೆ. ಮುಟ್ಟಿಲ್ಲ ಎಂದು ಹೇಳುವವನೇ ಅದನ್ನು ತೋರಿಸಬೇಕು. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ ಟಪಾಲನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿತು. ಹಾಗಾಗಿ ಕೌಂಟರಿನಲ್ಲಿ ಬರೀ ಸ್ಪೀಡ್ ಪೋಸ್ಟ್ ಅನ್ನದೆ, ವಿಳಾಸದಾರರ ಕೈಗೇ ಮುಟ್ಟಿದ್ದಕ್ಕೆ ಪುರಾವೆ ಬೇಕು ಎಂದು ಬಾಯಿಬಿಟ್ಟು ಹೇಳಿ. ರಸೀದಿಯನ್ನು ನಿಮ್ಮ ಪ್ರತಿಯ ಹಿಂದೆ ಅಂಟಿಸಿ. ಅದರ ಮಸಿ ಒಂದು ಬೇಸಿಗೆಗೆ ಮಾಸಿಹೋಗುತ್ತದೆ, ಅಂದೇ ಒಂದು ಝೆರಾಕ್ಸ್ ತೆಗೆಸಿಡಿ.

ಕಿಟಕಿಯ ಆಚೆಯವನು “ಸೀಲ್ ಸಾಹೇಬ್ರ ಕಪಾಟಿನ್ಯಾಗ ಐತ್ರಿ, ನಾಳೆ ಬರ್ರಿ” ಅಂದರೆ ವಾದಕ್ಕೆ ನಿಲ್ಲಬೇಡಿ. ನಗುತ್ತ “ಆತ್ರಿ” ಅನ್ನಿ, ಎರಡೂ ಪ್ರತಿ ವಾಪಸ್ ತಗೊಳ್ಳಿ, ಅಂಚೆ ಕಚೇರಿಯ ಕೌಂಟರ್ ಮುಚ್ಚುವ ಮೊದಲು ಅಲ್ಲಿಗೆ ನಡೆಯಿರಿ.